‘ಕುಡೀಬೋದು’ ಅಂದ ಬೇಸಿಗೆ

ಹೋದ ತಿಂಗಳು ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರು ಬೋರ್ ಕೊರೆಸಿದರು. ಬೆಳಗ್ಗೆ ಎಂಟಕ್ಕೆ ಶುರುವಾದ ಲಾರಿ ಮಧ್ಯಾಹ್ನದ ಹೊತ್ತಿಗೆ ಬೀದಿಯನ್ನೆಲ್ಲ ಬೂದುಬಣ್ಣದ ಕೆಸರಿನಲ್ಲಿ ಅದ್ದಿತ್ತು. ಕಲ್ಲು ಹಿಟ್ಟಾಗಿ, ನೀರಿನೊಂದಿಗೆ ಕಲೆತು, ಡೀಸೆಲ್ ಹೊಗೆಯನ್ನು ಹೀರಿಕೊಂಡು ಮೇಲೆ ಬರುವ ಆ ಕೆಸರಿಗೆ ಒಂದು ವಾಸನೆಯಿದೆ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯ ಬಗ್ಗೆ ಬರೆಯದವರಿಲ್ಲ. ಇದರ ಬಗ್ಗೆ ಯಾರಾದರೂ ಬರೆದದ್ದನ್ನು ನಾನು ಓದಿಲ್ಲ. ಬಹಳ ದಿನ ತೊಳೆಯದ ಬಾಯಿಯೊಂದು ಹತ್ತಿರ ಬಂದು ತೆರೆದುಕೊಂಡಂಥ ವಾಸನೆ ಅದು. ಕೆಸರು ಚರಂಡಿಯನ್ನು ಕಟ್ಟಿ, ನಮ್ಮ ಗೇಟಿನ ಸಂದಿಯಲ್ಲಿ ನುಗ್ಗಿ, ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿಗಳನ್ನು ಮುಳುಗಿಸಿತು. ಕಿಟಕಿ ಮುಚ್ಚಿದರೂ ವಾಸನೆ ನಿಲ್ಲಲಿಲ್ಲ.

ನಾನು ಆ ಹೊತ್ತಿಗೆ ಮೇಜಿನ ಮುಂದೆ ಕೂತು ಒಂದು ಪಠ್ಯಪುಸ್ತಕದ ಮೊದಲ ಅಧ್ಯಾಯ ಬರೆಯುತ್ತಿದ್ದೆ. ತುಮಕೂರಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಬೇರೆ ಯಾವ ವಿಷಯವೂ ಸಿಗದೆ ಇದಕ್ಕೆ ಬಂದು ಸೇರಿದ ಹುಡುಗ ಹುಡುಗಿಯರೇ ನನ್ನ ತರಗತಿಯಲ್ಲಿ ಹೆಚ್ಚು. ಅವರಿಗಾಗಿ ಕನ್ನಡದಲ್ಲಿ ಒಂದು ಪರಿಚಯದ ಪುಸ್ತಕ ಬೇಕು ಅಂತ ಕಾಲೇಜಿನವರು ಹೇಳಿದ್ದರು. ಅಧ್ಯಾಯದ ಹೆಸರು ‘ದಿನಬಳಕೆಯಲ್ಲಿ ಭೂವಿಜ್ಞಾನ’. ಬೆಳಗ್ಗೆ ಎದ್ದು ಹಲ್ಲುಜ್ಜುವ ಪೇಸ್ಟಿನಲ್ಲಿ ಅರೆದ ಸುಣ್ಣದ ಕಲ್ಲಿದೆ. ಬಾಗಿಲ ಮುಂದಿನ ರಂಗೋಲಿ ಕಲ್ಲಿನ ಪುಡಿ. ಅಗ್ಗದ ವಿಭೂತಿಗಟ್ಟಿಯಲ್ಲಿ ಸಗಣಿಯ ಬೂದಿಗಿಂತ ಹೆಚ್ಚು ಬಿಳಿಮಣ್ಣು. ಅಡುಗೆಮನೆಯ ಕಟ್ಟೆ ಗ್ರಾನೈಟು, ಸಾರಿನ ಉಪ್ಪು ಖನಿಜ, ಮಗು ಬರೆಯುವ ಬಳಪ ಕಲ್ಲು, ಬರೆಯದೆ ತಿಂದರೂ ಕಲ್ಲೇ. ಇಷ್ಟನ್ನು ಹೇಳಿ, ಆಮೇಲೆ ಓದುವವರು ನಗುವಂಥ ಒಂದು ಪ್ರಸಂಗ ಹಾಕಬೇಕು ಅಂದುಕೊಂಡಿದ್ದೆ. ಪ್ರಸಂಗ ಸಿದ್ಧವಾಗಿಯೇ ಇತ್ತು. ಹದಿನಾರು ವರ್ಷಗಳಿಂದ ಪ್ರತಿ ಹೊಸ ತರಗತಿಗೂ ಹೇಳುತ್ತ ಬಂದಿದ್ದೇನೆ. ಹೊನ್ನೇಪಾಳ್ಯ ಅನ್ನುವ ಊರಿನಲ್ಲಿ ನೀರು ಹುಡುಕುವುದರಲ್ಲಿ ತೆಂಗಿನಕಾಯಿಗೂ ನನ್ನ ಮಿಷನ್ನಿಗೂ ನಡೆದ ಪಂದ್ಯ. ಕಾಯಿ ತೋರಿಸಿದಲ್ಲಿ ಕೊರೆದರೆ ಬರೀ ಧೂಳು, ಮಿಷನ್ ತೋರಿಸಿದಲ್ಲಿ ಕೊರೆದರೆ ಎರಡೂವರೆ ಇಂಚು ನೀರು. ತರಗತಿ ಪ್ರತಿ ಸಲವೂ ಚಪ್ಪಾಳೆ ತಟ್ಟುತ್ತದೆ.

ಎಷ್ಟು ಅಡಿಗೆ ನೀರು ಬಂತು ಅನ್ನುವುದು ಮರೆತಿತ್ತು. ಅಟ್ಟದ ಮೇಲಿನ ಟ್ರಂಕ್ ಇಳಿಸಿ ಆ ಬೇಸಿಗೆಯ ನೋಟ್‌ಬುಕ್ ತೆಗೆದೆ. ಇಲಿ ಒಂದು ಮೂಲೆಯನ್ನು ತಿಂದು, ಉಳಿದದ್ದರ ಮೇಲೆ ಹಿಕ್ಕೆ ಹಾಕಿತ್ತು. ಕೊಡವಿ ಓದಿದೆ. ಹೊನ್ನೇಪಾಳ್ಯದ ಪುಟದಲ್ಲಿ ಒಂದೇ ಕೊಳವೆಬಾವಿ ಇತ್ತು. ಕಾಯಿ ತೋರಿಸಿದ ಜಾಗದಲ್ಲಿ ಯಾರೂ ಕೊರೆದೇ ಇರಲಿಲ್ಲ.

ಇನ್ನೊಂದು ಮಾತನ್ನೂ ಆ ಪುಟದಲ್ಲಿ ಹುಡುಕಿದೆ. ಅದೂ ಇರಲಿಲ್ಲ.

ಆ ಬೇಸಿಗೆ ನಾನು ಎಂಎಸ್ಸಿ ಮುಗಿಸಿ ಬಂದವನು, ಇದೇ ಸದಾಶಿವನಗರದಲ್ಲಿ ಒಂದು ಕೋಣೆಯ ಬಾಡಿಗೆದಾರ. ಶಿವರಾತ್ರಿ ಕಳೆದ ಮೇಲೆ ಬೋರ್ ಪಾಯಿಂಟ್ ಗುರುತು ಮಾಡಿಕೊಡುವ ಒಂದು ಏಜೆನ್ಸಿಗೆ ಸೇರಿದೆ. ಒಂದು ಜೀಪು, ನಾಗರಾಜ ಅನ್ನುವ ಡ್ರೈವರ್, ಮರದ ಪೆಟ್ಟಿಗೆಯಲ್ಲಿ ಒಂದು ಮೀಟರು. ನೆಲಕ್ಕೆ ನಾಲ್ಕು ಕಬ್ಬಿಣದ ಕಂಬಿ ಹೊಡೆದು, ತಂತಿ ಎಳೆದು, ಕರೆಂಟ್ ಹರಿಸಿದರೆ ಒಳಗಿನ ಕಲ್ಲು ಎಷ್ಟು ತಡೆಯುತ್ತದೆ ಅನ್ನುವುದು ಮುಳ್ಳಿನಲ್ಲಿ ಕಾಣುತ್ತದೆ. ಗಟ್ಟಿ ಬಂಡೆ ಹೆಚ್ಚು ತಡೆಯುತ್ತದೆ, ನೀರು ತುಂಬಿದ ಬಿರುಕು ಕಡಿಮೆ. ಇಷ್ಟೇ ವಿದ್ಯೆ. ಇದಕ್ಕೆ ಗುಬ್ಬಿ ಕಡೆಯ ತೋಟಗಳಲ್ಲಿ ನನಗೆ ಸಿಕ್ಕ ಹೆಸರು ‘ಮಿಷನ್ ಸಾರು’.

ಮೊದಲ ವಾರದಲ್ಲೇ ಹೇಸಿಗೆ ಶುರುವಾಯಿತು. ತೋಟದವರಿಗೆ ಪಾಯಿಂಟ್ ಬೇಕಾಗಿದ್ದದ್ದು ಟ್ರಾನ್ಸ್‌ಫಾರ್ಮರ್ ಹತ್ತಿರ, ಇಲ್ಲವೇ ಪಕ್ಕದ ತೋಟದವನ ಬೋರಿನ ಮಗ್ಗುಲಿಗೆ, ಅವನ ನೀರು ಇತ್ತ ಬರಲಿ ಅಂತ. ಮುಳ್ಳು ಬೇರೆ ಕಡೆ ತೋರಿಸಿದರೆ ನಮ್ಮ ಮಾಲೀಕ ಫೋನಿನಲ್ಲಿ ಬೈಯುತ್ತಿದ್ದ. “ಅವರಿಗೆ ಎಲ್ಲಿ ಬೇಕೋ ಅಲ್ಲಿ ನಿನ್ನ ಮಿಷನ್ ತೋರಿಸ್ಬೇಕು ಕಣಯ್ಯ. ಸುಮ್ನೆ ಹೋಗಿ ಕಲ್ಲಿನ ಪಾಠ ಮಾಡ್ಬೇಡ.” ನಾನು ತೋರಿಸಿದೆ. ಕಂಬಿ ಹೊಡೆದು, ಗಂಭೀರವಾಗಿ ಮುಳ್ಳು ನೋಡಿ, ಅವರು ಬೆರಳು ತೋರಿದ ಜಾಗಕ್ಕೆ ಕಲ್ಲು ನೆಟ್ಟು ಕುಂಕುಮ ಹಚ್ಚಿಸಿಕೊಂಡು ಬಂದೆ. ಜೀಪಿನಲ್ಲಿ ನಾಗರಾಜ ಗುಟ್ಕಾ ಜಗಿಯುತ್ತ, ಒಂದು ಪ್ಲಾಸ್ಟಿಕ್ ಬಾಟಲಿಗೆ ಉಗಿಯುತ್ತ ಓಡಿಸುತ್ತಿದ್ದ. ಗುಂಡಿಯಲ್ಲಿ ಜೀಪು ಎಗರಿದಾಗ ಆ ಕೆಂಪು ಲೋಳೆ ಬಾಟಲಿಯೊಳಗೆ ತುಳುಕುತ್ತಿತ್ತು. ನೀರಿನ ಮಾದರಿ ತರಲು ಏಜೆನ್ಸಿ ಕೊಟ್ಟ ಬಾಟಲಿ ಅದು. ಹಾಗೆ ಆರು ಇದ್ದವು. ನಮ್ಮ ಬಳಿ ಬಾಟಲಿಯೇ ಇರಲಿಲ್ಲ ಎಂದು ನನಗೆ ಚೆನ್ನಾಗಿ ನೆನಪಿತ್ತು, ಆದರೆ ನೋಟ್‌ಬುಕ್ಕಿನ ಮೊದಲ ಪುಟದ ಸಾಮಾನು ಪಟ್ಟಿಯಲ್ಲಿ ನನ್ನ ಕೈಬರಹದಲ್ಲೇ ‘ಮಾದರಿ ಬಾಟಲಿ, ೬’ ಎಂದಿದೆ.

ಏಪ್ರಿಲ್ ಹೊತ್ತಿಗೆ ಹೊನ್ನೇಪಾಳ್ಯದ ಕೆಲಸ ಬಂತು. ಗುಬ್ಬಿ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ, ಕುಣಿಗಲ್ ಗಡಿಗೆ ಹತ್ತಿರ, ನಲವತ್ತೋ ಐವತ್ತೋ ಮನೆಯ ಊರು. ಇದು ತೋಟದ ಬೋರಲ್ಲ, ಊರಿನ ಕುಡಿಯುವ ನೀರಿನದು. ಹಟ ಹಿಡಿದು ಮಂಜೂರು ಮಾಡಿಸಿದವರು ಪಂಚಾಯ್ತಿ ಮೆಂಬರ್ ಶಿವಗಂಗಮ್ಮ. ಐವತ್ತರ ಆಸುಪಾಸಿನ ಹೆಂಗಸು, ಹಣೆಯ ತುಂಬ ವಿಭೂತಿ. ಅವರು ಮೊದಲು ನನ್ನನ್ನು ಊರಿನ ಹಿಂದಿನ ಕಲ್ಲುಗಣಿ ಹಳ್ಳಕ್ಕೆ ಕರೆದುಕೊಂಡು ಹೋದರು. ಚಪ್ಪಡಿ ತೆಗೆದು ಬಿಟ್ಟುಹೋದ ಗುಂಡಿ. ತಳದಲ್ಲಿ ಹಸಿರು ಲೋಳೆ ಕಟ್ಟಿದ ನೀರು, ತೇಲುವ ಚಿಪ್ಸ್ ಪ್ಯಾಕೆಟ್ಟು, ಒಂದು ಮೂಲೆಯಲ್ಲಿ ಉಬ್ಬಿ ಬಿದ್ದ ಹೆಗ್ಗಣ. ಇಬ್ಬರು ಹೆಂಗಸರು ಅದೇ ನೀರನ್ನು ಸೀರೆ ಸೆರಗಿನಲ್ಲಿ ಸೋಸಿ ಬಿಂದಿಗೆಗೆ ತುಂಬುತ್ತಿದ್ದರು.

“ಕೊಳಾಯಿ ನೀರು ಬರದಿದ್ದಾಗ ಇದೇ ಗತಿ ಸಾರ್,” ಅಂದರು ಶಿವಗಂಗಮ್ಮ. “ಹೋದ ವರ್ಷ ವಾಂತಿಭೇದಿಗೆ ನಮ್ಮ ಊರಾಗೆ ಇಬ್ರು ಮಕ್ಳು ಹೋದ್ವು. ನೀವೇನ್ ಮಾಡ್ತೀರೋ ಗೊತ್ತಿಲ್ಲ. ನೀರು ತೋರಿಸ್ದೆ ಜೀಪ್ ಹತ್ತಂಗಿಲ್ಲ.”

ಆ ಗುಂಡಿಯನ್ನು ನೋಡಿ ಈ ಕೆಲಸವನ್ನಾದರೂ ಸರಿಯಾಗಿ ಮಾಡಬೇಕು ಅನಿಸಿತು. ಅದು ನಿಜವಾಗಿಯೂ ಅನಿಸಿತೋ, ಈಗ ಸೇರಿಸುತ್ತಿದ್ದೇನೋ, ಪ್ರಮಾಣ ಮಾಡಿ ಹೇಳಲಾರೆ. ಸರಿಯಾಗಿ ಅಳೆದದ್ದಂತೂ ನಿಜ, ಎರಡು ಪುಟದ ಲೆಕ್ಕ ನೋಟ್‌ಬುಕ್ಕಿನಲ್ಲಿದೆ.

ಆ ಊರಿನ ಹೊಲಗಳನ್ನು ಅಡ್ಡಹಾಯ್ದು ಕರಿಕಲ್ಲಿನ ಒಂದು ಸಾಲು ಹೋಗುತ್ತದೆ. ಬಹಳ ಹಿಂದೆ ಭೂಮಿಯ ಬಿರುಕಿನಲ್ಲಿ ಕರಗಿದ ಕಲ್ಲು ಮೇಲೇರಿ ಹೆಪ್ಪುಗಟ್ಟಿ ನಿಂತ ಗೋಡೆ ಅದು. ನೆಲದೊಳಗೆ ಅಣೆಕಟ್ಟಿನ ಹಾಗೆ ನೀರನ್ನು ತಡೆಯುತ್ತದೆ. ಗೋಡೆಯ ಮೇಲ್ಬದಿಗೆ, ನೀರು ಹರಿದು ಬರುವ ಕಡೆ, ಬೋರ್ ಹೊಡೆದರೆ ನೀರು ಸಿಗುವ ಸಂಭವ ಹೆಚ್ಚು. ನನ್ನ ಮುಳ್ಳು ಕೂಡ ಅಲ್ಲಿಯೇ ಇಳಿಯಿತು, ಚಪ್ಪಡಿ ಹಾಸಿ ಮುಚ್ಚಿದ್ದ ಒಂದು ಹಳೆಯ ಬಾವಿಯಿಂದ ಹತ್ತು ಮಾರು ದೂರದಲ್ಲಿ.

ಆದರೆ ಊರಿನವರು ಒಬ್ಬರನ್ನೇ ನಂಬುವವರಲ್ಲ. ಮಿಷನ್ನಿನ ಜೊತೆಗೆ ಕಾಯಿಯನ್ನೂ ಕರೆಸಿದ್ದರು. ಆ ಕಡೆ ಈಗಲೂ ಹೀಗೆಯೇ, ಇಬ್ಬರ ಪಾಯಿಂಟೂ ನೋಡಿ ಆಮೇಲೆ ತೀರ್ಮಾನ. ಕಾಯಿ ರುದ್ರಣ್ಣ ಅರವತ್ತು ದಾಟಿದ ಮನುಷ್ಯ. ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಿದ್ದ. ನೀರಿದ್ದ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ ಅನ್ನುವುದು ನಂಬಿಕೆ. ನನ್ನ ಕಂಬಿಗಳ ಬಳಿ ಬಂದು ನಿಂತ.

“ಏನ್ ಮಿಷನ್ ಸಾರು, ಕಂಬಿ ಮುಟ್ಟಿದ್ರೆ ಶಾಕ್ ಹೊಡೀತದಾ?”

“ಮುಟ್ಟಿ ನೋಡಿ ರುದ್ರಣ್ಣ.”

“ನಾನ್ಯಾಕ್ ಮುಟ್ಲಿ. ನನ್ ಕಾಯಿಗೆ ಬ್ಯಾಟ್ರಿ ಬ್ಯಾಡ.”

“ಸಾಯಂಕಾಲ ನಿಮ್ಮ ಕಾಯಿ ಚಟ್ನಿ ಆಗುತ್ತೆ. ನನ್ನ ಮಿಷನ್ ನಾಳೆನೂ ಇರುತ್ತೆ.”

“ಚಟ್ನಿನಾದ್ರೂ ಆಯ್ತದಲ್ಲಪ್ಪ. ನಿನ್ ಮಿಷನ್ನು ಅದುಕ್ಕೂ ಬರಾಕಿಲ್ಲ.”

ಸುತ್ತ ನಿಂತವರು ನಕ್ಕರು. ನನಗೆ ಮುಖ ಬಿಸಿಯಾಯಿತು. ರುದ್ರಣ್ಣನ ಕಾಯಿ ಗೋಡೆಯ ಕೆಳಗಡೆ, ಕೆರೆ ಕಡೆಯ ತಗ್ಗಿನಲ್ಲಿ ಎದ್ದು ನಿಂತಿತು. ಬೆರಳು ಹೇಗೆ ಆಡಿಸಿದ ಎಂದು ನೋಡಲು ನಾನು ಬಗ್ಗಿದ್ದು ಅವನಿಗೆ ಕಂಡಿತು. ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಪಾಯಿಂಟಿನ ಕಡೆ ನೋಡಿ ತಲೆ ಅಲ್ಲಾಡಿಸಿದ.

“ಅಲ್ಲಿ ಬ್ಯಾಡ ಕಣಪ್ಪ. ನೀರಿಲ್ಲ ಅನ್ನಾಕಿಲ್ಲ ನಾನು, ಐತೆ. ಅದು ಮುನೇಶ್ವರ ಮುನಿಸ್ಕೊಂಡಿರೋ ಬಾವಿ. ನಮ್ಮಜ್ಜನ ಕಾಲ್ದಾಗೆ ಆ ನೀರು ಕುಡ್ದ ಮನೆ ಮಕ್ಳಿಗೆಲ್ಲ ಹಲ್ಲು ಕಂದಾಗ್ತಿದ್ವಂತೆ. ಅದುಕ್ಕೇ ಚಪ್ಪಡಿ ಹಾಕಿ ಮುಚ್ಚವ್ರೆ.”

“ಮುನೇಶ್ವರನಿಗೆ ಹಲ್ಲಿನ ಡಾಕ್ಟರ್ ಕೆಲಸ ಯಾವಾಗ ಸಿಕ್ತು ರುದ್ರಣ್ಣ?”

ಈ ಸಲ ಜನ ನನ್ನ ಮಾತಿಗೆ ನಕ್ಕರು. ಚಟ್ನಿಯ ಮಾತಿಗಿಂತ ಜೋರಾಗಿ. ರುದ್ರಣ್ಣ ಕಾಯಿಯನ್ನು ಟವಲಿನಲ್ಲಿ ಸುತ್ತಿಕೊಂಡ. “ನಗು, ನಗು. ನಿನ್ ಹಲ್ಲು ಬೆಳ್ಳಗವೆ,” ಅಂದು ಹೊರಟುಹೋದ.

ಈ ಮಾತುಗಳನ್ನು ನಾನು ಯಾವ ತರಗತಿಗೂ ಹೇಳಿಲ್ಲ. ಮರೆತೂ ಇರಲಿಲ್ಲ. ಆ ಬೇಸಿಗೆಗೆ ಎರಡು ವರ್ಷ ಹಿಂದಷ್ಟೇ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಮೂರು ಪುಟ ಉತ್ತರ ಬರೆದವನು ನಾನು. ನಮ್ಮ ಈ ಬಗೆಯ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳುಂಟು. ಆಳದ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಸ್ವಲ್ಪ ಇದ್ದರೆ ಹಲ್ಲಿಗೆ ಒಳ್ಳೆಯದು, ಹೆಚ್ಚಾದರೆ ಚಿಕ್ಕ ಮಕ್ಕಳ ದವಡೆಯೊಳಗೆ ಬೆಳೆಯುತ್ತಿರುವ ಹಲ್ಲು ಕಲೆಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಬಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಎಲ್ಲ ಗೊತ್ತಿತ್ತು. ರುದ್ರಣ್ಣ ಹೇಳಿದ್ದರಲ್ಲಿ ಒಂದು ದೇವರಿತ್ತು, ಒಂದು ಹಲ್ಲಿತ್ತು. ದೇವರನ್ನು ನಂಬದವನು ನಾನು, ದೇವರ ಜೊತೆಗೆ ಹಲ್ಲನ್ನೂ ಆಚೆ ಎಸೆದೆ. ನೆನೆದರೆ ಈಗ ಹೇಸಿಗೆ ಹುಟ್ಟುವುದು ಅವನ ಮೂಢನಂಬಿಕೆಯ ಮೇಲಲ್ಲ, ನನ್ನ ಆ ಜೋಕಿನ ಮೇಲೆ.

ಊರಿನವರು ನನ್ನ ಪಾಯಿಂಟನ್ನೇ ಒಪ್ಪಿದರು. ಮಾರನೆಯ ದಿನ ಬೋರ್ ಲಾರಿ ಬಂದು ನನ್ನ ಕಲ್ಲಿನ ಮೇಲೆ ನಿಂತಿತು. ಲಾರಿಯವನು ಕೊರೆಯಲು ಅಣಿಯಾಗುವಷ್ಟರಲ್ಲಿ ಶಾಲೆಯ ಮೇಷ್ಟ್ರು ಮಕ್ಕಳನ್ನು ಸಾಲಾಗಿ ಕರೆತಂದು, ಏನಾದರೂ ಹೇಳಿ ಅಂದರು. ಹೇಳಿದೆ. ಹಲ್ಲುಜ್ಜುವ ಪೇಸ್ಟಿನಿಂದ ಶುರುಮಾಡಿದೆ, ಈಗ ಅಧ್ಯಾಯವನ್ನು ಶುರುಮಾಡಿದ ಹಾಗೆಯೇ. ಅದೇ ನನ್ನ ಮೊದಲ ಪಾಠ. ಶಾಲೆಗೆ ಸೇರದ ಒಂದು ಪುಟ್ಟ ಹುಡುಗಿ ಮುಂದೆ ಬಂದು ಕೂತು ಬಳಪ ಕಡಿಯುತ್ತಿತ್ತು. ಮೂರೋ ನಾಲ್ಕೋ ವರ್ಷ. ಶಿವಗಂಗಮ್ಮನ ಮೊಮ್ಮಗಳು ಕುಸುಮ. ನಾನು ಅದರ ಕೈಯಿಂದ ಬಳಪ ತೆಗೆದು ಎಲ್ಲರಿಗೂ ತೋರಿಸಿದೆ. “ನೋಡಿ, ಈ ಪಾಪು ಬೆಳಗ್ಗೆ ಬೆಳಗ್ಗೆ ಕಲ್ಲು ತಿಂತಾ ಇದೆ.” ಮಕ್ಕಳು ನಕ್ಕರು. ಹುಡುಗಿಯೂ ನಕ್ಕಿತು. ಅದರ ಹಾಲುಹಲ್ಲು ಅಕ್ಕಿಕಾಳಿನ ಹಾಗಿತ್ತು. ಇದು ನಿಜವಾದ ನೆನಪೇ, ಅಥವಾ ಆಮೇಲೆ ಕಂಡದ್ದಕ್ಕೆ ಸರಿಯಾಗಲಿ ಅಂತ ನಾನೇ ಬೆಳ್ಳಗೆ ಮಾಡಿಕೊಂಡದ್ದೇ, ಹೇಳಲಾರೆ.

ನೀರು ಸಂಜೆಯ ಹೊತ್ತಿಗೆ ಬಂತು. ಮೊದಲು ಬಿಳಿ ಧೂಳು, ಆಮೇಲೆ ಬೂದು ಕೆಸರು, ಆಮೇಲೆ ತೆಂಗಿನಮರದ ಎತ್ತರಕ್ಕೆ ಎದ್ದ ಕೊಳಕು ನೀರು. ಜನರೆಲ್ಲ ಆ ಕೆಸರಿನಲ್ಲಿ ಮಿಂದರು. ಆ ವಾಸನೆ ಎರಡು ದಿನ ನನ್ನ ಕೂದಲಿನಿಂದ ಹೋಗಲಿಲ್ಲ. ಹೊಸ ನೀರಿಗೆ ಆ ಊರಿನಲ್ಲಿ ಒಂದು ಪದ್ಧತಿ. ಪಾಯಿಂಟ್ ಮಾಡಿದವನು ಎಲ್ಲರ ಮುಂದೆ ಮೊದಲ ಚೊಂಬು ಕುಡಿಯಬೇಕು, ಕುಡಿದು ಹೇಳಬೇಕು. ನೀರಿಗೆ ಅವನೇ ಜಾಮೀನು. ನೀರು ಸ್ವಲ್ಪ ತಿಳಿಯಾದ ಮೇಲೆ ಶಿವಗಂಗಮ್ಮ ಹಿತ್ತಾಳೆ ಚೊಂಬು ತುಂಬಿ ತಂದರು.

“ಕುಡ್ದು ಹೇಳಿ ಸಾರ್. ನೀವು ಹೇಳೋಗಂಟ ಇಲ್ಲಿ ಯಾರೂ ಮುಟ್ಟಾಕಿಲ್ಲ.”

ಕುಡಿದೆ. ಕಲ್ಲಿನ ಹಿಟ್ಟು ಹಲ್ಲಿನ ಸಂದಿಯಲ್ಲಿ ಕರಕರ ಅಂದಿತು. ಐವತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಹೆಂಗೈತೆ ಸಾರ್?”

“ಕುಡೀಬೋದು,” ಅಂದೆ.

ಇಷ್ಟು ವರ್ಷ ನನ್ನ ನೆನಪಿನಲ್ಲಿ ಆ ಮಾತಿಗೆ ಒಂದು ಬಾಲವಿತ್ತು. ‘ಕುಡೀಬೋದು, ಆದ್ರೆ ಮೊದಲು ಒಂದ್ಸಲ ಲ್ಯಾಬ್‌ಗೆ ಕಳಿಸಿ ಟೆಸ್ಟ್ ಮಾಡಿಸಿ.’ ಹಾಗೆ ಹೇಳುವಾಗ ನಾನು ಒಂದು ಕೈ ಎತ್ತಿದ್ದು, ಬೇಸಿಗೆ ಮಳೆಯ ನಾಲ್ಕು ಹನಿ ಆ ಕೈ ಮೇಲೆ ಬಿದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ನೋಟ್‌ಬುಕ್ಕಿನಲ್ಲಿ ಅವತ್ತಿನ ಹವಾ ‘ಬಿಸಿಲು, ಮೋಡವಿಲ್ಲ’. ಕೆಳಗೆ ‘ಎರಡೂವರೆ ಇಂಚು. ರುಚಿ ಚೆನ್ನಾಗಿದೆ. ನಾಳೆ ಕುಣಿಗಲ್.’ ಅದರ ಕೆಳಗೆ, ಎರಡು ಗೆರೆ ಎಳೆದು, ಒಂದೇ ಪದ: ‘ಗೆದ್ದೆ.’

ಮಾರನೆಯ ದಿನ ಜೀಪು ಕುಣಿಗಲ್ ಕಡೆ ತಿರುಗಿತು. ಉಳಿದ ಬೇಸಿಗೆಯೆಲ್ಲ ಅಲ್ಲಿಯೇ. ದೊಡ್ಡ ಕೆರೆ ಬತ್ತಿ, ಅಂಚಿನ ಕೆಸರಿನಲ್ಲಿ ಸತ್ತ ಮೀನು ಮತ್ತು ಪ್ಲಾಸ್ಟಿಕ್ ನಾರುತ್ತಿದ್ದವು. ಏರಿಯ ಮೇಲೆ ಸಂಜೆ ಮೂಗು ಮುಚ್ಚಿಕೊಂಡು ನಡೆಯುತ್ತಿದ್ದೆ. ಹೆದ್ದಾರಿಯ ಹೋಟೆಲೊಂದರಲ್ಲಿ ಯಡಿಯೂರಿಗೆ ಹೊರಟಿದ್ದ ಇಬ್ಬರು ಪರಿಚಯದವರಿಗೆ ಕಾಯಿ–ಮಿಷನ್ ಕಥೆ ಮೊದಲ ಸಲ ಹೇಳಿದೆ. “ಕಾಯಿ ಪಾಯಿಂಟಿನಲ್ಲಿ ಏನಾಯ್ತು?” ಅಂತ ಒಬ್ಬರು ಕೇಳಿದರು. “ಏನಿಲ್ಲ, ಬರೀ ಧೂಳು,” ಅಂದೆ. ಆ ಸುಳ್ಳು ಹುಟ್ಟಿದ್ದು ಅಲ್ಲಿ, ಎಣ್ಣೆ ಸೋರುವ ಬೋಂಡದ ತಟ್ಟೆಯ ಮುಂದೆ. ಇದೊಂದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಟೆಸ್ಟಿನ ಮಾತು ಯಾವಾಗ ಹುಟ್ಟಿತೋ ಗೊತ್ತಿಲ್ಲ. ಮುಂಗಾರು ಶುರುವಾದ ವಾರ ಕೆಲಸ ಬಿಟ್ಟೆ. ಹೊನ್ನೇಪಾಳ್ಯಕ್ಕೆ ಮತ್ತೆ ಹೋಗಲಿಲ್ಲ.

ನೋಟ್‌ಬುಕ್ ಓದಿದ ಮೇಲೆ ಬಂದ ಭಾನುವಾರ ಹೋದೆ. ಗುಬ್ಬಿಯವರೆಗೆ ಬಸ್ಸು, ಅಲ್ಲಿಂದ ಆಟೋ. ಊರ ಬಾಗಿಲಲ್ಲೇ ಶುದ್ಧ ನೀರಿನ ಘಟಕ ಅಂತ ಬೋರ್ಡ್ ಇದ್ದ ಒಂದು ತಗಡಿನ ಗೂಡಿತ್ತು. ಕಾಯಿನ್ ಹಾಕುವ ಕಿಂಡಿಗೆ ಯಾರೋ ಚೂಯಿಂಗ್ ಗಮ್ ಮೆತ್ತಿದ್ದರು. ಒಳಗೆ ಫಿಲ್ಟರಿನ ಕೊಳವೆಗಳ ಮೇಲೆ ಪಾಚಿ, ನೆಲದಲ್ಲಿ ನಾಯಿ ಹೇಲು. ಅದನ್ನು ದಾಟಿದರೆ ನನ್ನ ಕೊಳವೆಬಾವಿ, ಪಕ್ಕದಲ್ಲಿ ನೀರು ತುಂಬಿಡುವ ಸಿಮೆಂಟಿನ ತೊಂಬೆ. ನಲ್ಲಿಯ ಕೆಳಗೆ ಸಾಲಾಗಿ ಬಿಂದಿಗೆಗಳು.

ಶಿವಗಂಗಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಎರಡು ಮಾತಾಡುವಷ್ಟರಲ್ಲಿ ಮೊರ ಕೆಳಗಿಟ್ಟರು.

“ಮಿಷನ್ ಸಾರಲ್ವಾ? ಅಯ್ಯೋ ಶಿವನೆ. ಬನ್ನಿ, ಕೂತ್ಕಳಿ. ಆ ಗುಂಡಿ ನೀರು ಬುಟ್ಟಮ್ಯಾಕೆ ಈ ಊರಾಗೆ ಒಂದು ಮಗಾ ವಾಂತಿಭೇದಿಗೆ ಹೋಗಿಲ್ಲ. ನಿಮ್ ಹೆಸರು ಹೇಳ್ಕೊಂಡೇ ನೀರು ಕುಡೀತೀವಿ.”

ರುದ್ರಣ್ಣ ತೀರಿಕೊಂಡು ಏಳೆಂಟು ವರ್ಷವಾಯಿತಂತೆ. ಮಜ್ಜಿಗೆ ಕೊಟ್ಟರು. ಅರ್ಧ ಕುಡಿದ ಮೇಲೆ, ಇದಕ್ಕೂ ಅದೇ ನೀರು ಅನ್ನುವುದು ಹೊಳೆದು ಲೋಟ ಕೆಳಗಿಟ್ಟೆ.

ಒಳಗಿನಿಂದ ಒಬ್ಬಳು ಹುಡುಗಿ ಬಂದಳು. ಸೊಂಟದ ಮೇಲೆ ಅಣ್ಣನ ಮಗು, ವರ್ಷ ತುಂಬಿ ಸ್ವಲ್ಪ ದಿನವಾಗಿರಬೇಕು. “ಕುಸುಮ, ಯಾರು ಬಂದವ್ರೆ ಗೊತ್ತೇನೇ?” ಅಂದರು ಅಜ್ಜಿ. ತುಮಕೂರಿನಲ್ಲಿ ಫಾರ್ಮಸಿ ಓದುತ್ತಿದ್ದಾಳೆ, ರಜಕ್ಕೆ ಬಂದಿದ್ದಾಳೆ. ಅವಳು ವೇಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬೇಕೆಂದೇ ವೇಲು ಕೆಳಗೆ ಬಿಟ್ಟು ನಕ್ಕಳು.

ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆ. ಅಂಚುಗಳು ಸುಣ್ಣದ ಗೋಡೆಯ ಹಾಗೆ ಉದುರಿದ್ದವು. ಪರೀಕ್ಷೆಗೆ ಓದಿದ ಪುಸ್ತಕದಲ್ಲಿ ನಾನು ನೋಡಿದ್ದ ಚಿತ್ರವೇ.

“ಹಾಸ್ಟೆಲಲ್ಲಿ ನನ್ನ ಗುಟ್ಕಾ ಅಂತ ಕರೀತಾರೆ ಸಾರ್,” ಅಂದಳು. “ಮೊದಲನೇ ವರ್ಷ ವಾರ್ಡನ್ ಬ್ಯಾಗ್ ಎಲ್ಲ ಚೆಕ್ ಮಾಡಿದ್ರು. ಚಿಕ್ಕೋಳಿದ್ದಾಗ ಅಜ್ಜಿ ಇಟ್ಟಿಗೆ ಪುಡೀಲಿ ಉಜ್ಜಿ ಉಜ್ಜಿ ವಸಡಲ್ಲಿ ರಕ್ತ ಬರ್ಸೋರು.”

“ಸರ್ಯಾಗಿ ಉಜ್ತಿರ್ಲಿಲ್ಲ ಕಣೇ ನೀನು. ಬಳಪ ತಿಂದೂ ತಿಂದೂ ಹಿಂಗಾಗಿದ್ದು,” ಅಂದರು ಶಿವಗಂಗಮ್ಮ.

“ನಮ್ಮ ಬೀದೀಲಿ ಎಲ್ಲರೂ ಬಳಪ ತಿಂದ್ರಾ ಅಜ್ಜಿ?” ಕುಸುಮ ನನ್ನ ಕಡೆ ತಿರುಗಿದಳು. “ಈ ನೀರನ್ನ ನಮ್ಮ ಕಾಲೇಜ್ ಲ್ಯಾಬಲ್ಲಿ ಟೆಸ್ಟ್ ಮಾಡ್ಸಿದೀನಿ ಸಾರ್. ಫ್ಲೋರೈಡ್ ಮಿತಿಗಿಂತ ತುಂಬ ಜಾಸ್ತಿ ಇದೆ. ಫಿಲ್ಟರ್ ಕೆಟ್ಟು ಎಂಟು ತಿಂಗಳಾಯ್ತು. ಈ ಮಗೂಗೆ ಹಾಲಿನ ಪುಡಿ ಕಲಸೋದು ಇದರಲ್ಲೇ. ಇವನ ಹಲ್ಲು ಈಗ ಒಳಗೆ ಕಟ್ತಾ ಇರೋದು. ಪಕ್ಕದೂರಿಂದ ಕ್ಯಾನ್ ತರಿಸಿ ಅಂದ್ರೆ ಅಜ್ಜಿ ಕೇಳಲ್ಲ. ಅಜ್ಜಿ ಕೇಳ್ದಿದ್ರೆ ಊರೂ ಕೇಳಲ್ಲ.”

“ಮಿಷನ್ ಸಾರೇ ಕುಡ್ದು ಹೇಳವ್ರೆ ಕುಡೀಬೋದು ಅಂತ. ಅವರ್ಗಿಂತ ಓದಿದ್ಯೇನೇ ನೀನು?” ಅಂದರು ಶಿವಗಂಗಮ್ಮ. ಈ ಮಾತನ್ನು ಈ ಮನೆಯಲ್ಲಿ ಬಹಳ ಸಲ ಆಡಿದ್ದಾರೆ ಅನ್ನುವುದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು.

ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತು. ಆದರೂ ಅದೊಂದು ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಹದಿನಾರು ವರ್ಷ ಹೊತ್ತ ಸುಳ್ಳಿಗೆ ಒಬ್ಬ ಸಾಕ್ಷಿಯಾದರೂ ಸಿಗಬಹುದು ಅನ್ನುವ ಆಸೆ. “ಶಿವಗಂಗಮ್ಮ, ಅವತ್ತು ನಾನು ಟೆಸ್ಟ್ ಮಾಡಿಸಿ ಅಂತಲೂ ಹೇಳಿದ್ದೆ ಅಲ್ವಾ?”

ಅವರು ನನ್ನ ಮುಖ ನೋಡಿದರು. ಅತಿಥಿಗೆ ಏನು ಬೇಕು ಎಂದು ತಿಳಿದ ಮನೆಯೊಡತಿಯ ನೋಟ ಅದು. “ಹೂಂ ಸಾರ್. ಅಂದಿರ್ತೀರ ಬುಡಿ. ನಾವೇ ಮರ್ತಿರ್ಬೇಕು.”

“ಅಜ್ಜಿ,” ಅಂದಳು ಕುಸುಮ, “ಅವರು ಹಂಗಂದಿದ್ರೆ ನೀನು ಟೆಸ್ಟ್ ಮಾಡ್ಸದೆ ಬಿಡ್ತಿದ್ಯಾ?”

ಶಿವಗಂಗಮ್ಮ ಮೊರದಲ್ಲಿದ್ದ ರಾಗಿಯನ್ನು ಬೆರಳಿನಲ್ಲಿ ಹರಡಿದರು, ಮತ್ತೆ ಕೂಡಿಸಿದರು. ಆ ಬೋರಿಗಾಗಿ ಅವರು ಎಷ್ಟು ಆಫೀಸು ಅಲೆದಿದ್ದರು ಎಂದು ನನಗೂ ಗೊತ್ತಿತ್ತು. “ಇಲ್ಲ,” ಅಂದರು. “ಬುಡ್ತಿರ್ಲಿಲ್ಲ.”

“ನಾನು ಹೇಳಲಿಲ್ಲ,” ಅಂದೆ. “ಬಾಟಲಿ ಜೀಪಿನಲ್ಲೇ ಇತ್ತು. ಹೇಳ್ಬೇಕು ಅನ್ನೋದು ನನಗೆ ಗೊತ್ತಿತ್ತು. ಈ ನೀರು ಕುಡೀಬಾರ್ದು ಶಿವಗಂಗಮ್ಮ. ಮಗೂಗಂತೂ ಕೊಡ್ಲೇಬೇಡಿ. ಇವಳು ಹೇಳೋದೇ ಸರಿ.”

ಮಗು ಕುಸುಮಳ ವೇಲನ್ನು ಬಾಯಿಗೆ ತುರುಕಿಕೊಳ್ಳುತ್ತಿತ್ತು.

“ಹಂಗಾದ್ರೆ ರುದ್ರಣ್ಣ ಹೇಳಿದ್ದು ನಿಜಾನಾ?” ಅಂತ ಅಜ್ಜಿ ಕೇಳಿದರು.

“ಹಲ್ಲಿನ ಮಾತು ನಿಜ. ಮುನೇಶ್ವರಂದು ಏನೂ ತಪ್ಪಿಲ್ಲ.”

“ಅವತ್ತು ನಾನೂ ನಕ್ಕಿದ್ದೆ,” ಅಂದರು ಶಿವಗಂಗಮ್ಮ. ಎದ್ದು ಒಳಗೆ ಹೋದರು. ಬೈಯಬಹುದು ಅಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಒಳಗಿನಿಂದ ತಾಮ್ರದ ಹಂಡೆಯ ನೀರನ್ನು ಬಚ್ಚಲಿಗೆ ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಬಟ್ಟಲಿತ್ತು. ಹೊಸ್ತಿಲಿಗೆ ಬಳಿಯಲು ಕಲಸಿಟ್ಟ ಕೆಮ್ಮಣ್ಣು, ಜೊತೆಗೆ ತೆಂಗಿನ ನಾರಿನ ಕುಂಚ.

“ನಮಗೆ ಹೇಳಿದ್ರೆ ಸಾಲ್ದು. ಅವತ್ತು ಊರ ಮುಂದೆ ಹೇಳಿದ್ರಿ. ಬನ್ನಿ.”

ಮೂವರೂ ತೊಂಬೆಯ ಬಳಿ ಹೋದೆವು. ನೀರು ಹಿಡಿಯುತ್ತಿದ್ದವರು ಬಿಂದಿಗೆ ಬಿಟ್ಟು ಸುತ್ತ ನಿಂತರು. ಯಾರೋ ಹಿರಿಯರು ಗುರುತು ಹಿಡಿದು “ಮಿಷನ್ ಸಾರು” ಅಂದರು. ಶಿವಗಂಗಮ್ಮ ನಲ್ಲಿಯ ಪಕ್ಕದ ಗೋಡೆ ತೋರಿಸಿದರು. ಕಬ್ಬಿಣ ಬೆರೆತ ಮಣ್ಣು ಕೆಂಪಾಗುತ್ತದೆ, ಅದೇ ಕೆಮ್ಮಣ್ಣು. ನನ್ನ ಅಧ್ಯಾಯದ ನಾಲ್ಕನೆಯ ಪುಟದಲ್ಲಿದೆ. ಕುಂಚ ಅದ್ದಿ ಬರೆದೆ: ‘ಈ ನೀರು ಕುಡಿಯಬೇಡಿ. ಅಡುಗೆಗೆ ಬಳಸಬೇಡಿ.’ ಗುಂಪಿನಲ್ಲಿ ಗುಸುಗುಸು ಎದ್ದಿತು. ಒಬ್ಬ ಹೆಂಗಸು ತುಂಬಿದ ಬಿಂದಿಗೆಯನ್ನು ನೋಡುತ್ತ, ಎತ್ತಲೂ ಆಗದೆ ಚೆಲ್ಲಲೂ ಆಗದೆ ನಿಂತಿದ್ದಳು. ಶಿವಗಂಗಮ್ಮ ಅವಳ ಕಡೆ ತಿರುಗಿ, ನಾಳೆ ಬೆಳಗ್ಗೆ ಪಂಚಾಯ್ತಿ ಆಫೀಸ್ ಮುಂದೆ ಎಲ್ಲರೂ ಖಾಲಿ ಬಿಂದಿಗೆ ತಗೊಂಡು ಬರಬೇಕು, ಫಿಲ್ಟರ್ ರಿಪೇರಿ ಆಗೋಗಂಟ ಟ್ಯಾಂಕರ್ ಕೇಳಬೇಕು ಅಂತ ಹೇಳತೊಡಗಿದರು. ಹಳೆಯ ಮೆಂಬರ್ ದನಿ.

“ಮಳೆ ಬಂದ್ರೆ ಅಳಿಸಿಹೋಗುತ್ತೆ,” ಅಂದೆ ಕುಸುಮಳಿಗೆ.

“ಅಳಿಸಿದ್ರೆ ಮತ್ತೆ ಬಂದು ಬರೀರಿ ಸಾರ್. ತುಮಕೂರೇನ್ ದೂರ ಇಲ್ಲ.” ಅವಳು ಗೋಡೆಯನ್ನು ಓದಿ ತಲೆ ಅಲ್ಲಾಡಿಸಿದಳು. “ಕೆಳಗೆ ಹೆಸರು ಹಾಕಿ. ಇಲ್ಲಾಂದ್ರೆ ಯಾರೋ ಹುಡುಗ್ರು ಬರ್ದಿದಾರೆ ಅಂತ ಸುಣ್ಣ ಹೊಡೀತಾರೆ.”

ಕುಂಚವನ್ನು ಮತ್ತೆ ಅದ್ದಿದೆ. ಎಂಎಸ್ಸಿಯನ್ನು ಸೇರಿಸಿ ನನ್ನ ಪೂರ್ತಿ ಹೆಸರು ಬರೆಯಲು ಕೈ ಹೋಯಿತು. ಆ ಹೆಸರು ಆ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರು ನಂಬಿದ್ದ ಹೆಸರನ್ನೇ ಬರೆದೆ.

‘ಹೇಳಿದವನು: ಮಿಷನ್ ಸಾರು.’